ಹೀರೆ ಹೂ ಸಂಜೆ ಅರಳತ್ತೆ ಮಾರಾಯ

ಗೆಳೆಯಾ,

ಟೆರೇಸ್ ಮೇಲಿನ ಗಿಡ ಹೇಗಿದೆ ಅಂತ ಕೇಳಿದ್ದೆಯಲ್ಲ, ವಾಟ್ಸಾಪಲ್ಲಿ ಎರಡು ಸಾಲು ಹಾಕಿ ಮುಗಿಸೋಕೆ ಮನಸ್ಸಾಗ್ಲಿಲ್ಲ. ಇಲ್ಲೇ ಬರೀತೀನಿ, ಊರಿಗೆ ಹೋಗಿ ಬರೋಷ್ಟರಲ್ಲಿ ಗಿಡ ಕಳ್ಕೊಂಡೋರು ಯಾರಾದ್ರೂ ಇದ್ರೆ ಅವರೂ ಓದ್ಲಿ.

ಬೆಂಗಳೂರಿನ 2024ರ ಈ ಬೇಸಿಗೆ ನೀನು ನೋಡ್ಲಿಲ್ಲ. ಮಾರ್ಚಲ್ಲೇ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಆಯ್ತು, ಅವತ್ತಿಂದ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಬಕೆಟ್ಟಲ್ಲಿ ಹಿಡಿದಿಟ್ಟು ಮೇಲಕ್ಕೆ ಹೊತ್ತೆ. ಟೊಮೇಟೊ ಗಿಡದ ತುಂಬ ಹೂವು, ಒಂದೂ ಕಾಯಿ ಕಚ್ಚಲಿಲ್ಲ. ರೋಗ ಅಂದ್ಕೊಂಡು ಬೇವಿನೆಣ್ಣೆ ಹೊಡೆದೆ. ರೋಗ ಅಲ್ಲ, 35 ಡಿಗ್ರಿ ದಾಟಿದ ಬಿಸಿಲಿಗೆ ಹೂವಿನ ಪರಾಗನೇ ಕೆಟ್ಟುಹೋಗತ್ತೆ, ಮುಟ್ಟಿದ್ರೆ ಸಾಕು ತೊಟ್ಟಿನ ಗೆಣ್ಣಲ್ಲಿ ಹಳದಿಯಾಗಿ ಕಳಚಿ ಕೈಗೆ ಬರತ್ತೆ.

ಅಷ್ಟರಲ್ಲಿ ಊರಲ್ಲಿ ಅಪ್ಪಯ್ಯ ಬಚ್ಚಲಲ್ಲಿ ಜಾರಿ ಬಿದ್ರು. ನೀರು ತುಂಬಿದ ಬಾಟ್ಲಿಯಿಂದ ಮಣ್ಣಿಗೆ ಬತ್ತಿ ಇಳಿಸಿ, ಬುಡಕ್ಕೆ ತೆಂಗಿನ ನಾರು ಹೊದಿಸಿ, ನೆರಳಿಗೆ ಗ್ರೀನ್ ನೆಟ್ ಕಟ್ಟಿ ಊರಿಗೆ ಹೊರಟೆ. ಏಪ್ರಿಲ್ ತಿಂಗಳಿಡೀ ಇಲ್ಲಿ ಮಳೆನೇ ಇಲ್ಲ, 28ಕ್ಕೆ 38.5 ಡಿಗ್ರಿ. ಪಕ್ಕದ ಮನೆ ಆಂಟಿ ಫೋಟೋ ಕಳ್ಸಿದ್ರು, ಎಲ್ಲ ಸುಟ್ಟ ಕಾಗದದ ಥರ ಮುದುರಿತ್ತು.

ಇದನ್ನ ನಿಂಗೆ ಫೋನಲ್ಲಿ ಹೇಳಿರ್ಲಿಲ್ಲ. ಮೇ ಪೂರ್ತಿ ಇರ್ತೀನಿ ಅಂತ ಹೋದೋನು ಆ ಫೋಟೋ ಬಂದ ಮಾರನೇ ದಿನವೇ "ಗಿಡ ಒಣಗ್ತಾ ಇದೆ ಅಮ್ಮ, ಹೋಗ್ಬೇಕು" ಅಂದೆ. ಒಣಗೋಕೆ ಏನೂ ಉಳಿದಿರ್ಲಿಲ್ಲ ಮಾರಾಯ. ಅಪ್ಪಯ್ಯ ಕಾಫಿ ಲೋಟ ಹಿಡಿಯುವಾಗ ಎರಡೂ ಕೈ ನಡುಗಿ ಎದೆ ಮೇಲೆ ಚೆಲ್ಲೋದು, ಚೆಲ್ಲಿದ್ದನ್ನ ನಾನು ನೋಡಿದ್ನಾ ಅಂತ ಅವರು ತಿರುಗಿ ನೋಡೋದು, ಅದನ್ನ ಇನ್ನೊಂದು ದಿನ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಅಮ್ಮ ಒಂದು ಮಾತೂ ಕೇಳಲಿಲ್ಲ, ಗಿಡಕ್ಕೆ ನೀರಿಲ್ಲ ಅಂದ್ರೆ ಅವಳಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅಡುಗೆಮನೆ ಗೋಡೆಗೆ ಸಗಣಿ ಸೇರಿಸಿ ತಟ್ಟಿಟ್ಟಿದ್ದ ಸೌತೆ ಬೀಜ ಉಗುರಲ್ಲಿ ಬಿಡಿಸಿ ಪೊಟ್ಟಣ ಕಟ್ಟಿದ್ಲು, ಒಣಗಿದ ಹೀರೆಕಾಯಿ ಅಲ್ಲಾಡಿಸಿ ಬೀಜ ಉದುರಿಸಿದ್ಲು, ಬಸಳೆ ಬಳ್ಳಿ ನಾಲ್ಕು ತುಂಡು ಒದ್ದೆ ಬಟ್ಟೆಲಿ ಸುತ್ತಿ ಬ್ಯಾಗಿಗೆ ಹಾಕಿ "ಮೊದ್ಲು ಇದನ್ನ ನೆಡು, ಇದು ಸಾಯಲ್ಲ" ಅಂದ್ಲು. ಬಸ್ಸಲ್ಲಿ ರಾತ್ರಿಯಿಡೀ ಆ ಗಂಟು ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ.

ಬಸಳೆ ಸಾಯಲಿಲ್ಲ. ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಮಳೆ, ಜೂನಿಗೆ ಅದೇ ದಾಖಲೆ ಅಂತೆ, ಗ್ರೋಬ್ಯಾಗೆಲ್ಲ ಕೆಸರು ಬಟ್ಟಲಾಗಿ ಟಾರ್ಚ್ ಹಿಡಿದು ಸ್ಕ್ರೂಡ್ರೈವರಲ್ಲಿ ತಳ ತೂತು ಮಾಡಿದೆ, ಆಗಲೂ ಅದು ಹಾಗೇ ನಿಂತಿತ್ತು. ಆಮೇಲೆ ಹಾಕಿದ ಹೀರೆ ಈಗ ನೆಟ್ ಏರಿದೆ. ಎರಡು ವಾರ ಬರೀ ಗಂಡು ಹೂವು. ನಿನ್ನೆ ಸಂಜೆ ಐದೂವರೆ ದಾಟಿದ ಮೇಲೆ ಮೊದಲ ಹೆಣ್ಣು ಹೂ ಬಿಚ್ಕೊಳ್ತು, ಹಿಂದೆ ಕಿರುಬೆರಳಷ್ಟು ಕಾಯಿ, ಅದಕ್ಕಾಗ್ಲೇ ಗೆರೆ ಮೂಡಿದೆ. ಗಂಡು ಹೂ ಕಿತ್ತು ನಾನೇ ಮುಟ್ಟಿಸಿದೆ. ಫೋನ್ ಮಾಡಿದ್ರೆ ಅಮ್ಮ "ಹೀರೆ ಹೂ ಬಿಡ್ತಾ?" ಅಂತ ಕೇಳಿ, ಫೋನನ್ನ ಅಪ್ಪಯ್ಯನ ಕೈಗೆ ಕೊಟ್ಲು. ಅವರೂ ಅದನ್ನೇ ಕೇಳಿದ್ರು. ಅವರಿಗೆ ನಿಜ ಇನ್ನೂ ಹೇಳಿಲ್ಲ.

ಸರಿ ಬಿಡು, ಬರೀಬೇಕು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಆಯ್ತು. ಬಸಳೆ ಸೊಪ್ಪು ಹುಳಿ ಮಾಡೋಷ್ಟಿದೆ, ಯಾವಾಗ ಬರ್ತೀಯ? ಬರ್ತಾ ಒಂದು ಚೀಲ ಕೊಟ್ಟಿಗೆ ಗೊಬ್ಬರ ತಾ.

ನಿನ್ನ,
ಟೆರೇಸಿನೋನು