ಚೇಂಬರ್ ಪ್ಯಾಕಿಂಗ್ ಹಾಕಿದ ಮೇಲೂ ಆಯಿಲ್ ಸೋರುತ್ತಿದೆ: ಮತ್ತೆ ಬಿಚ್ಚಿ ಸರಿಮಾಡಿಕೊಡಿ

ಇವರಿಗೆ,
ವ್ಯವಸ್ಥಾಪಕರು,
ಕಾರ್ ಸರ್ವಿಸ್ ಮತ್ತು ರಿಪೇರಿ ವಿಭಾಗ,
ಬೆಂಗಳೂರು.

ವಿಷಯ: 2003ರ ಮಾರುತಿ 800 ಕಾರಿನ ಆಯಿಲ್ ಚೇಂಬರ್ ಪ್ಯಾಕಿಂಗ್ ಕೆಲಸದಲ್ಲಿ ಆಗಿರುವ ಲೋಪದ ಬಗ್ಗೆ ದೂರು.

ಮಾನ್ಯರೇ,

ಐದು ವಾರದ ಹಿಂದೆ ತಮ್ಮಲ್ಲಿ ಈ ಕಾರಿನ ಚೇಂಬರ್ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಪ್ಯಾಕಿಂಗ್, ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಲಾಯಿತು. ಹನ್ನೆರಡನೇ ದಿನಕ್ಕೆ ಮತ್ತೆ ಹನಿ ಕಾಣಿಸಿತು. ಎರಡನೇ ಸಲ ಗಾಡಿ ತಂದಾಗ ತಮ್ಮ ಹುಡುಗರು ಲಿಫ್ಟ್‌ಗೆ ಏರಿಸಿ, ಗಾಳಿಯ ಒತ್ತಡದಿಂದ ಬೋಲ್ಟ್ ತಿರುಗಿಸುವ ಏರ್ ಗನ್ ಹಿಡಿದು ಬೋಲ್ಟುಗಳನ್ನೆಲ್ಲ ಇನ್ನಷ್ಟು ಬಿಗಿದು ಹತ್ತೇ ನಿಮಿಷದಲ್ಲಿ ಇಳಿಸಿಕೊಟ್ಟರು. ಅಲ್ಲಿಂದ ಸೋರಿಕೆ ಹೆಚ್ಚಾಗಿದೆ. ರಿಪೇರಿಗೆ ಮುಂಚೆ ರಾತ್ರಿಗೆ ಮೂರು ನಾಲ್ಕು ಹನಿ ಬೀಳುತ್ತಿತ್ತು. ಈಗ ಕೆಳಗಿಟ್ಟ ರಟ್ಟಿನ ಮೇಲೆ ಬೆಳಗಾಗುವಷ್ಟರಲ್ಲಿ ಅಂಗೈ ಅಗಲದ ಕಲೆ ಆಗಿರುತ್ತದೆ.

ಇದಕ್ಕೆ ತಮ್ಮ ಸರ್ವಿಸ್ ಅಡ್ವೈಸರ್ ಕೊಟ್ಟ ಉತ್ತರ, "ಹಳೇ ಗಾಡಿ ಸಾರ್, ಸ್ವಲ್ಪ ಲೀಕ್ ಇದ್ದೇ ಇರುತ್ತೆ" ಎಂಬುದು. ಈ ಮಾತನ್ನು ಒಪ್ಪಲಾಗುವುದಿಲ್ಲ. ಹಳೆಯದಾಗಿದ್ದು ಪ್ಯಾಕಿಂಗ್, ಅದನ್ನು ಬದಲಿಸಿದ್ದೀರಿ. ಹೊಸ ಪ್ಯಾಕಿಂಗ್ ಎರಡು ವಾರವೂ ತಡೆಯಲಿಲ್ಲವೆಂದರೆ ತಪ್ಪು ಕೂರಿಸಿದ ರೀತಿಯಲ್ಲಿದೆ, ಗಾಡಿಯ ವಯಸ್ಸಿನಲ್ಲಿ ಅಲ್ಲ.

ಕೂರಿಸಿದ್ದರಲ್ಲಿ ಆದ ಮೊದಲನೆಯ ತಪ್ಪು ಬಿಗಿತದ್ದು. ಈ ಚೇಂಬರ್ ತೆಳು ತಗಡಿನದು. ಅದನ್ನು ಹಿಡಿದಿಡುವುದು 6 ಮಿಲಿಮೀಟರ್ ದಪ್ಪದ, 10 ನಂಬರ್ ಸ್ಪ್ಯಾನರ್ ಕೂರುವ ಸಣ್ಣ ಬೋಲ್ಟುಗಳು. ಇವಕ್ಕೆ ಬೇಕಿರುವ ಟಾರ್ಕ್ (ತಿರುಗಿಸುವ ಬಲ) ಸುಮಾರು 10 ನ್ಯೂಟನ್ ಮೀಟರ್, ಅಂದರೆ ಒಂದು ಗೇಣು ಉದ್ದದ ಹಿಡಿಯ ತುದಿಯಲ್ಲಿ ಐದು ಕೆಜಿಯಷ್ಟು ಒತ್ತಡ. ಇಂಥ ಬೋಲ್ಟಿಗೆ ಏರ್ ಗನ್ ಮುಟ್ಟಿಸಲೇಬಾರದು. ಅತಿಯಾಗಿ ಬಿಗಿದಾಗ ಬೋಲ್ಟಿನ ತಲೆ ತನ್ನ ಸುತ್ತಲ ತಗಡನ್ನು ಮೇಲಕ್ಕೆ, ಬ್ಲಾಕಿನ (ಎಂಜಿನ್ನಿನ ಮುಖ್ಯ ಎರಕದ ಒಡಲು) ಕಡೆಗೆ, ಎಳೆದುಬಿಡುತ್ತದೆ. ತೂತಿನ ಸುತ್ತ ತಗಡು ಉಬ್ಬುತ್ತದೆ, ಎರಡು ಬೋಲ್ಟುಗಳ ನಡುವಿನ ಭಾಗ ಕೆಳಗೇ ಉಳಿಯುತ್ತದೆ. ಬೋಲ್ಟಿನ ಬುಡದಲ್ಲಿ ಪ್ಯಾಕಿಂಗ್ ನಜ್ಜುಗುಜ್ಜಾದರೆ, ನಡುವೆ ಒತ್ತಡವೇ ಇರುವುದಿಲ್ಲ. ಆಯಿಲ್ ಅಲ್ಲಿಂದ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಬಿಗಿದಷ್ಟೂ ಸೋರಿಕೆ ಹೆಚ್ಚೇ ಆಗುತ್ತದೆ. ಎರಡನೇ ಸಲ ಆಗಿದ್ದು ಇದೇ.

ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಇದು ಎದುರಿಗೇ ಕಾಣುತ್ತದೆ. ಡ್ರೈನ್ ನಟ್ಟಿನ ಪಕ್ಕದ ಎರಡು ಬೋಲ್ಟುಗಳ ನಡುವೆ ಪ್ಯಾಕಿಂಗ್ ಅಂಚು ಹರಿದು, ನಾಲಿಗೆಯಂತೆ ಅರ್ಧ ಇಂಚು ಹೊರಗೆ ಚಾಚಿದೆ. ಅದರ ತುದಿಯಲ್ಲಿ ಒಂದು ಹನಿ ಸದಾ ನೇತಾಡುತ್ತಿರುತ್ತದೆ. ಒರೆಸಿದರೆ ಹತ್ತು ನಿಮಿಷಕ್ಕೆ ಮತ್ತೆ ಕೂಡುತ್ತದೆ.

ಎರಡನೆಯದು ಸಿಲಿಕೋನ್, ಹೆಚ್ಚು ಆತಂಕ ಇದರ ಬಗ್ಗೆಯೇ. ಪ್ಯಾಕಿಂಗ್‌ನ ಎರಡೂ ಬದಿಗೆ, ಸುತ್ತಲೂ, ಬೂದು ಬಣ್ಣದ ಗ್ಯಾಸ್ಕೆಟ್ ಮೇಕರ್, ಅಂದರೆ ಸಿಲಿಕೋನ್ ಅಂಟು, ಮೆತ್ತಲಾಗಿದೆ. ರಬ್ಬರ್ ಪ್ಯಾಕಿಂಗ್‌ಗೆ ಇದು ಬೇಕಿಲ್ಲ. ಒದ್ದೆ ಸಿಲಿಕೋನ್ ಜಾರುಬೆಣ್ಣೆಯಂತೆ ಕೆಲಸ ಮಾಡಿ, ಬಿಗಿಯುವಾಗ ಪ್ಯಾಕಿಂಗನ್ನು ಹೊರಗೆ ತಳ್ಳುತ್ತದೆ. ಮುಂದಿನ ಮತ್ತು ಹಿಂದಿನ ಕ್ರ್ಯಾಂಕ್ (ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡ) ಸೀಲಿನ ಕವಚ ಬ್ಲಾಕಿಗೆ ಕೂಡುವ ಮೂಲೆಗಳಲ್ಲಿ ಕಡಲೆಕಾಳಿನಷ್ಟು ಇಟ್ಟರೆ ಸಾಕು. ಹೊರಗೆ ಇಷ್ಟು ಬಳ್ಳಿಬಳ್ಳಿಯಾಗಿ ಉಕ್ಕಿದೆಯೆಂದರೆ ಒಳಗೂ ಅಷ್ಟೇ ಉಕ್ಕಿರುತ್ತದೆ. ಒಳಗಿನ ಎಳೆಗಳು ಬಿಸಿ ಆಯಿಲ್‌ನಲ್ಲಿ ಕಿತ್ತು, ಆಯಿಲ್ ಪಂಪಿನ ಬಾಯಲ್ಲಿರುವ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತವೆ. ಫಿಲ್ಟರ್ ಇರುವುದು ಪಂಪ್ ಆದ ಮೇಲೆ. ಜಾಲರಿ ಕಟ್ಟಿಕೊಂಡರೆ ಫಿಲ್ಟರಿನಿಂದ ಏನೂ ಉಪಯೋಗವಿಲ್ಲ. ಕಳೆದ ವಾರದಿಂದ ಎಂಜಿನ್ ಬಿಸಿಯಾಗಿ ಸಿಗ್ನಲ್‌ನಲ್ಲಿ ಐಡ್ಲಿಂಗ್‌ಗೆ ಬಂದಾಗ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಿಣುಕುತ್ತಿದೆ. ತಮ್ಮಲ್ಲಿಗೆ ಬರುವ ಮುಂಚೆ ಇದು ಇರಲಿಲ್ಲ. ಆಯಿಲ್ ಮಟ್ಟ ಸರಿಯಿದ್ದೂ ದೀಪ ಮಿಣುಕುವುದು ಒತ್ತಡ ಕುಸಿಯುತ್ತಿರುವುದರ ಸೂಚನೆ. ಹೀಗೇ ಓಡಿಸಿದರೆ ಕ್ರ್ಯಾಂಕ್ ಬೇರಿಂಗ್ ಹೋಗುತ್ತದೆ. ಆದ್ದರಿಂದ ಗಾಡಿ ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿದ್ದೇವೆ.

ಇನ್ನು ಸಮಯದ ವಿಷಯ. ಸಿಲಿಕೋನ್ ಹಾಕಿದ ಮೇಲೆ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ಗಾಡಿ ಬಿಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಆಯಿಲ್ ತುಂಬಿ ಕೈಗೆ ಕೊಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ಡ್ರೈನ್ ನಟ್ಟಿಗೆ ಹಳೆಯ ವಾಷರನ್ನೇ ಹಾಕಿದ್ದೀರಿ, ಅಲ್ಲೂ ಪಸೆ ಇದೆ. 3.5 ಲೀಟರ್ ಡಬ್ಬವನ್ನು ಅಳತೆ ನೋಡದೆ ಪೂರ್ತಿ ಸುರಿದಿದ್ದರಿಂದ, ಗಾಡಿ ಕೈಗೆ ಬಂದ ದಿನ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ಸೀಲುಗಳ ಮೇಲೂ ಒತ್ತಡ ಹೆಚ್ಚುತ್ತದೆ.

ಆಯಿಲ್ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕಿತ್ತು. ವಾಲ್ವ್ ಕವರ್ ಪ್ಯಾಕಿಂಗ್, ಆಯಿಲ್ ಪ್ರೆಷರ್ ಸ್ವಿಚ್, ಕ್ರ್ಯಾಂಕ್ ಸೀಲ್, ಯಾವುದು ಸೋರಿದರೂ ಆಯಿಲ್ ಇಳಿದು ಬಂದು ಚೇಂಬರ್ ಅಂಚಿನಲ್ಲೇ ಹನಿಯುತ್ತದೆ. ಎಂಜಿನ್ನಿನ ಹೊರಮೈಯನ್ನು ಡೀಗ್ರೀಸರ್ ಹಾಕಿ ತೊಳೆದು ಒಣಗಿಸಿ, ಅನುಮಾನ ಇರುವ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಇಪ್ಪತ್ತು ನಿಮಿಷ ಓಡಿಸಿ ನೋಡಿದರೆ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆ ಎಂದು ತಾನೇ ತೋರುತ್ತದೆ. ಜಾಬ್ ಕಾರ್ಡಿನಲ್ಲಿ ಇಂಥ ತಪಾಸಣೆಯ ಸುಳಿವೇ ಇಲ್ಲ. ಬ್ರೀದರ್ ಪೈಪ್ ಮತ್ತು ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಎಂಜಿನ್ ಒಳಗಿನ ಗಾಳಿ ಹೊರಹೋಗಲಾಗದೆ ಆಯಿಲನ್ನು ಪ್ಯಾಕಿಂಗ್ ಸಂದಿನಿಂದ ದೂಡುತ್ತದೆ. ಅದನ್ನೂ ಯಾರೂ ಬಿಚ್ಚಿ ನೋಡಿಲ್ಲ.

ಈಗ ಮತ್ತೊಮ್ಮೆ "ಟೈಟ್ ಮಾಡಿ ಕೊಡ್ತೀವಿ" ಎನ್ನುವುದು ಬೇಡ. ಚೇಂಬರನ್ನು ಪೂರ್ತಿ ಇಳಿಸಿ, ಒಳಗಿನ ಸಿಲಿಕೋನ್ ಚೂರುಗಳನ್ನೆಲ್ಲ ತೆಗೆದು, ಜಾಲರಿಯನ್ನು ಬಿಚ್ಚಿ ತೊಳೆಯಬೇಕು. ಚೇಂಬರ್ ಅಂಚನ್ನು ಸಮತಟ್ಟಾದ ಗಟ್ಟಿ ಮರದ ಮೇಲಿಟ್ಟು, ಉಬ್ಬಿದ ತೂತುಗಳನ್ನು ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ಸಂದು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನೆಟ್ಟಗಾಗದಿದ್ದರೆ ಚೇಂಬರನ್ನೇ ಬದಲಿಸಿ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಗಾಡಿಯ ಭಾಗ ಕೇಳಿದರೆ ಸಿಗುತ್ತದೆ. ಬ್ಲಾಕಿನ ಮುಖವನ್ನು ಕ್ಲೀನರ್ ಹಾಕಿ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಕಂಪನಿಯ ಅಸಲಿ ಪ್ಯಾಕಿಂಗನ್ನು, ಮೇಲೆ ಹೇಳಿದ ಮೂಲೆಗಳ ಹೊರತು, ಒಣದಾಗಿಯೇ ಕೂರಿಸಿ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ನಡುವಿನಿಂದ ಅಂಚಿಗೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಡ್ರೈನ್ ನಟ್ಟಿಗೆ ಹೊಸ ವಾಷರ್, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಸ್ಟಾರ್ಟ್ ಮಾಡಿದ ಮೇಲೆ ಗೇಜ್ ಹಾಕಿ ಆಯಿಲ್ ಪ್ರೆಷರ್ ಅಳೆದು ಬರೆದುಕೊಡಿ. ಚೇಂಬರ್ ಇಳಿಸುವಾಗ ನಾನು ಎದುರಿಗಿರಬೇಕು, ಬಿಚ್ಚಿದ ಹಳೆಯ ಭಾಗಗಳನ್ನು ನನ್ನ ಕೈಗೇ ಕೊಡಬೇಕು. ಹೋದ ಸಲ ಕೇಳಿದರೂ ಕೊಡಲಿಲ್ಲ.

ಈ ಕೆಲಸದ ಖರ್ಚು, ಗಾಡಿಯನ್ನು ಫ್ಲಾಟ್‌ಬೆಡ್‌ನಲ್ಲಿ ಒಯ್ಯುವ ಖರ್ಚು ತಮ್ಮದೇ. ಮೊದಲ ಸಲ ಪಡೆದ ಲೇಬರ್ ಹಣ ವಾಪಸ್ ಬರಬೇಕು, ಆರು ತಿಂಗಳ ವಾರಂಟಿ ಬರಹದಲ್ಲಿ ಬೇಕು. ಬೇರಿಂಗ್‌ಗೆ ಪೆಟ್ಟಾಗಿದ್ದರೆ ಅದರ ಹೊಣೆಯೂ ತಮ್ಮದೇ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ, ಹೊರಗೆ ಬಂದಿರುವ ಪ್ಯಾಕಿಂಗ್‌ನ ಫೋಟೊಗಳು, ಆಯಿಲ್ ದೀಪ ಮಿಣುಕುವ ವಿಡಿಯೊ ಇದರ ಜೊತೆಗಿವೆ.

ಇಂತಿ ತಮ್ಮ ವಿಶ್ವಾಸಿ,
ವಾಹನದ ಮಾಲೀಕರು,
ಬೆಂಗಳೂರು