ಬೂದಿಯ ಪರವಾಗಿ ಎಲ್ಲರಿಗೂ ಥ್ಯಾಂಕ್ಸ್

ಅಷ್ಟಮಿಯ ಹುಲಿವೇಷ ಬಂದು ಹೋಯಿತು. ದೀಪಾವಳಿಯ ಪಟಾಕಿಯೂ ಮುಗಿಯಿತು. ನಮ್ಮ ಬೆಕ್ಕು ಬೂದಿಗೆ ಏನೂ ಆಗಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಮ್ಮೆಯೂ ಆಗಿಲ್ಲ.

ಉಡುಪಿಯ ಕುಂಜಿಬೆಟ್ಟಿನ ನಮ್ಮ ಓಣಿಯವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ವಿಷಯ ಗೊತ್ತಿಲ್ಲದೆ ಓದಿದರೆ "ಒಂದು ಬೆಕ್ಕಿಗೆ ಇಷ್ಟೆಲ್ಲ ಉಂಟಾ ಮಾರಾಯ್ರೆ" ಅಂತ ಅನ್ನಿಸೀತು.

ಬೂದಿ ಹೆಣ್ಣು ಬೆಕ್ಕು, ಬೂದು ಮೈಯಲ್ಲಿ ಕಪ್ಪು ಪಟ್ಟೆ. ಮರಿಯಿದ್ದಾಗ ಬಚ್ಚಲಿನ ಒಲೆಯ ಬೂದಿಯಲ್ಲಿ ಮುದುಡಿ ಮಲಗಿದ್ದವಳನ್ನು ಅತ್ತೆ ಎತ್ತಿಕೊಂಡು ಬಂದಿದ್ದರು. ಹೆಸರು ಇಟ್ಟದ್ದೂ ಅವರೇ. ಈಗ ಅವಳಿಗೆ ಹತ್ತು ದಾಟಿದೆ. ಕೂಗಾಟ, ಕಚ್ಚಾಟ ಯಾವುದೂ ಇಲ್ಲದ ಸಾಧು ಪ್ರಾಣಿ.

ಕಳೆದ ವರ್ಷ ಅವಳಿಗೆ ಹೆದರಿಕೆ ಶುರುವಾಯಿತು. ಹೆದರಿಕೆ ಅಂತ ನಾವು ಕರೆದದ್ದು, ಅದು ನಿಜವಾಗಿ ಏನು ಅಂತ ಇವತ್ತಿಗೂ ಖಚಿತವಾಗಿಲ್ಲ. ಆಗುತ್ತಿದ್ದದ್ದು ಹೀಗೆ. ಸೋಫಾದಲ್ಲಿ ಸುಮ್ನೆ ಮಲಗಿರುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತುತ್ತಿದ್ದಳು. ಕಣ್ಣಿನ ಪಾಪೆ ಅಗಲವಾಗಿ, ಹಸಿರಿನ ಒಂದು ಗೆರೆಯೂ ಉಳಿಯದೆ ಪೂರ್ತಿ ಕಪ್ಪಾಗುತ್ತಿತ್ತು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಖಾಲಿ ಗೋಡೆಯ ಮೂಲೆಯನ್ನೇ ನೋಡುತ್ತಾ ಹಿಂದೆ ಸರಿಯುತ್ತಿದ್ದಳು. ನೊಣ ಕೂತಾಗ ದನದ ಚರ್ಮ ಅದುರುತ್ತದಲ್ಲ, ಹಾಗೆ ಬಾಲದ ಬುಡದಿಂದ ಬೆನ್ನಿನವರೆಗೆ ಚರ್ಮ ಅದುರುತ್ತಿತ್ತು. ಕೆಲವು ಸಲ ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಆಮೇಲೆ ಒಂದೇ ಓಟ. ಕುರ್ಚಿಗೆ, ಬಾಗಿಲಿಗೆ ಡಿಕ್ಕಿ ಹೊಡೆದುಕೊಂಡು ಕಪಾಟಿನ ಹಿಂದಿನ ಸಂದಿಗೆ ಹೋಗಿ ಸೇರುತ್ತಿದ್ದಳು. ಓಡುವಾಗಲೇ ಮೂತ್ರ ಹೋಗಿರುತ್ತಿತ್ತು.

ನನಗೆ ಜಾಸ್ತಿ ಬೇಜಾರಾದದ್ದು ಅದರ ನಂತರದ ಹೊತ್ತು. ಹತ್ತಿರ ಹೋದರೆ ಗುರ್ ಅನ್ನುತ್ತಿದ್ದಳು. ಹತ್ತು ವರ್ಷ ಅನ್ನ ಹಾಕಿದ ಅತ್ತೆಯ ಮೇಲೂ. ಅತ್ತೆ ನೆಲದ ಮೇಲೆ ಕೂತು "ಬೂದೀ, ನಾನು ಮಗಾ" ಅಂತ ಕರೆಯುತ್ತಿದ್ದರು. ಸ್ವಲ್ಪ ಹೊತ್ತು ಕಳೆದ ಮೇಲೆ ತಾನೇ ಹೊರಗೆ ಬಂದು, ಏನೂ ಆಗದವಳ ಹಾಗೆ ಬಟ್ಟಲ ಮುಂದೆ ನಿಂತು ಊಟ ಕೇಳುತ್ತಿದ್ದಳು.

ಡಾಕ್ಟರುಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಒಬ್ಬರು ಹುಳದ ಔಷಧಿ ಕೊಟ್ಟರು. ಇನ್ನೊಬ್ಬರು ಸೊಂಟದ ನೋವು ಅಂದರು, ಎಕ್ಸ್‌ರೇ ತೆಗೆದರು, ಸ್ವಲ್ಪ ಸವೆತ ಕಂಡಿತು, ಈ ವಯಸ್ಸಿಗೆ ಅದು ಇರುವುದೇ ಅಂತಲೂ ಹೇಳಿದರು. ಮತ್ತೊಬ್ಬರು ಮನೆಯಲ್ಲಿ ಏನಾದರೂ ಬದಲಾಗಿದೆಯಾ, ಹೊಸಬರು ಬಂದಿದ್ದಾರಾ ಅಂತ ಕೇಳಿ ಮಾನಸಿಕ ಅಂದರು. ಒಬ್ಬರಂತೂ ಬೂದಿಯನ್ನು ಬುಟ್ಟಿಯಿಂದ ಹೊರಗೆ ತೆಗೆಯದೆಯೇ "ವಯಸ್ಸಾಯ್ತಲ್ಲ, ಇನ್ನು ಯಾಕೆ ಕಷ್ಟ ಕೊಡ್ತೀರಿ" ಅಂದರು. ಅವರಿಗೆ ಈ ಬರಹದಲ್ಲಿ ಥ್ಯಾಂಕ್ಸ್ ಇಲ್ಲ.

ಮೊದಲ ಥ್ಯಾಂಕ್ಸ್ ಈಗ ನೋಡುತ್ತಿರುವ ಡಾಕ್ಟರಿಗೆ. ಚಿಕ್ಕ ವಯಸ್ಸಿನವರು. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ ಇತ್ತು. "ನಾಯಿಗೆ ಹಾಕುವ ಉಣ್ಣಿಯ ಔಷಧಿ ಏನಾದರೂ ಇದರ ಮೈಗೆ ಹಾಕಿದ್ದೀರಾ?" ಹಾಕಿರಲಿಲ್ಲ. ಆಮೇಲೆ ಅವರೇ ವಿವರಿಸಿದರು. ನಾಯಿಯ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಬೆಕ್ಕಿನ ದೇಹ ಅದನ್ನು ತಡೆದುಕೊಳ್ಳುವುದಿಲ್ಲ, ನಡುಕ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಜ್ವರದ ಪ್ಯಾರಸಿಟಮಾಲ್ ಕೂಡಾ ಬೆಕ್ಕಿಗೆ ವಿಷವೇ. ಇದನ್ನು ಇಲ್ಲಿ ಬರೆಯಲಿಕ್ಕೆ ಕಾರಣ, ಕರುಣೆಯಿಂದಲೇ ಹಾಗೆ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವರು ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ಹೋದರು. ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಜಾಸ್ತಿಯಾದರೆ ಹೀಗೆ ಚಡಪಡಿಸುತ್ತವೆ ಅಂತ ರಕ್ತ ಪರೀಕ್ಷೆ ಮಾಡಿಸಿದರು. ನಾರ್ಮಲ್. ಕಿಡ್ನಿ, ಲಿವರ್ ನಾರ್ಮಲ್. ಮುಂಗಾಲಿಗೆ ಪುಟ್ಟ ಪಟ್ಟಿ ಕಟ್ಟಿ ಬಿಪಿ ನೋಡಿದರು. ಬೆಕ್ಕಿಗೂ ಬಿಪಿ ಉಂಟು ಅಂತ ನನಗೆ ಗೊತ್ತಾದದ್ದೇ ಆವಾಗ. ಬಿಪಿ ಏರಿದರೆ ಕಣ್ಣಿನ ರೆಟಿನಾ ಕಳಚಿ ಬೆಕ್ಕು ಒಮ್ಮೆಲೇ ಕುರುಡಾಗಬಹುದು, ಹಾಗಾದಾಗ ದಿಕ್ಕೆಟ್ಟು ಓಡುವುದೂ ಉಂಟು. ಅದೂ ನಾರ್ಮಲ್, ಕಣ್ಣೂ ಸರಿ. ಪ್ರತಿ ಸಲ ನಾರ್ಮಲ್ ಅಂದಾಗ ಖುಷಿ ಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಏನಾದರೂ ಒಂದು ಸಿಗಬಾರದಾ ಅಂತ ಆಸೆಯಾಗುತ್ತಿತ್ತು. ಕಾಯಿಲೆ ಸಿಗಲಿ ಅಂತ ಹಾರೈಸುವ ಪರಿಸ್ಥಿತಿ ಯಾರಿಗೂ ಬೇಡ.

ಕೊನೆಗೆ ಎರಡು ಉಳಿದವು. ಒಂದು, ಮೆದುಳಿನ ಒಂದು ಭಾಗದಲ್ಲಿ ಮಾತ್ರ ಆಗುವ ಫಿಟ್ಸ್. ಕೈಕಾಲು ಸೆಟೆದು ಬೀಳುವಂಥದ್ದಲ್ಲ. ಹೆದರಿಕೆ, ಜೊಲ್ಲು, ಅಗಲವಾದ ಕಣ್ಣು, ಇಷ್ಟೇ ಕಾಣಿಸಬಹುದು. ಇನ್ನೊಂದು, ಹೈಪರ್‌ಎಸ್ಥೀಶಿಯಾ ಅಂತ ಕರೆಯುವ, ಬೆನ್ನಿನ ಚರ್ಮ ಅದುರಿ ಬೆಕ್ಕು ಹುಚ್ಚಾಪಟ್ಟೆ ಓಡುವ ತೊಂದರೆ. ಅದಕ್ಕೆ ಇಂಥದ್ದೇ ಪರೀಕ್ಷೆ ಅಂತ ಇಲ್ಲ. ಬೇರೆ ಎಲ್ಲವೂ ಅಲ್ಲ ಅಂತಾದ ಮೇಲೆ ಉಳಿಯುವ ಹೆಸರು ಅದು. ಎರಡರ ಲಕ್ಷಣಗಳೂ ಒಂದಕ್ಕೊಂದು ಬೆರೆತುಕೊಂಡೇ ಇರುತ್ತವೆ.

ಆ ದಿನ ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಇಂಥದ್ದೇ ಅಂತ ನನಗೆ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ. ಫಿಟ್ಸ್ ಇರಬಹುದು ಅಂತ ನನ್ನ ಅಂದಾಜು. ಅಂದಾಜಿನ ಮೇಲೆ ಔಷಧಿ ಶುರು ಮಾಡುವ. ಅಂದಾಜು ಬದಲಾದರೆ ಅದನ್ನೂ ನಿಮಗೆ ಹೇಳ್ತೇನೆ." ಅಲ್ಲಿಯವರೆಗೆ ಎಲ್ಲರೂ ಖಚಿತವಾಗಿಯೇ ಹೇಳಿದ್ದರು, ಒಬ್ಬೊಬ್ಬರದ್ದು ಒಂದೊಂದು. ಗೊತ್ತಿಲ್ಲ ಅಂತ ಹೇಳಿ, ಹೇಳಿದ ಮೇಲೂ ಫೋನ್ ಎತ್ತಿದವರು ಇವರೊಬ್ಬರೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತನಗೆ ಪಾಠ ಮಾಡಿದವರಿಗೆ ವಿಡಿಯೋ ಕಳಿಸಿ ಕೇಳಿದರು. ಎಂಆರ್‌ಐ ವಿಚಾರವನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಈ ವಯಸ್ಸಿನಲ್ಲಿ ಘಾಟಿ ಹತ್ತಿಸಿ ಬೆಂಗಳೂರಿಗೆ ಒಯ್ಯಬೇಕು, ಅರಿವಳಿಕೆ ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಏನೂ ಕಾಣದೆ ಇರಬಹುದು. ಬೇಡ ಅಂತ ನಾವು ತೀರ್ಮಾನಿಸಿದೆವು. ಆ ತೀರ್ಮಾನದ ಬಗ್ಗೆ ಅವರು ಮತ್ತೆ ಒಂದು ಮಾತು ಆಡಲಿಲ್ಲ.

ವಿಡಿಯೋ ತೆಗೆದದ್ದು ನನ್ನ ಮಗ. ಬೂದಿ ಕ್ಲಿನಿಕ್ಕಿಗೆ ಹೋದರೆ ಒಳ್ಳೆ ಹುಡುಗಿ, ಅಲ್ಲಿ ಏನೂ ಮಾಡುತ್ತಿರಲಿಲ್ಲ. ಹಾಗಾಗಿ ಡಾಕ್ಟರು ಕಣ್ಣಾರೆ ಕಂಡದ್ದು ಫೋನಿನಲ್ಲಿ ಮಾತ್ರ. ಮುಖ ಒಂದೇ ಅಲ್ಲ, ಇಡೀ ಮೈ ಕಾಣಬೇಕು, ಹೆಸರು ಹಿಡಿದು ಕರೆದರೆ ಕಿವಿ ತಿರುಗಿಸುತ್ತದಾ ನೋಡಬೇಕು, ಹಿಡಿಯಲಿಕ್ಕೆ ಮಾತ್ರ ಹೋಗಬಾರದು ಅಂತ ಅವರು ಹೇಳಿಕೊಟ್ಟಿದ್ದರು. ಪರೀಕ್ಷೆಯ ಓದಿನ ನಡುವೆಯೂ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದ ಹುಡುಗ. (ಓದಿಗೆ ಫೋನ್ ಬೇಕು ಅನ್ನಲಿಕ್ಕೆ ಅವನಿಗೆ ಒಳ್ಳೆ ನೆಪವೂ ಆಯಿತು ಅನ್ನಿ.)

ಲೆಕ್ಕ ಬರೆದದ್ದು ಅತ್ತೆ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲೇ ಬರೆದರು. ಎಷ್ಟು ಗಂಟೆಗೆ ಆಯಿತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಮನೆಯಲ್ಲಿ ಏನು ನಡೆಯುತ್ತಿತ್ತು, ಏನು ತಿಂದಿದ್ದಳು, ಎಲ್ಲವೂ ಆ ಚೌಕದೊಳಗೆ. ಅಮಾವಾಸ್ಯೆಗೆ ಜಾಸ್ತಿ ಆಗುತ್ತದೆ ಅಂತ ಅವರಿಗೆ ಗಟ್ಟಿ ನಂಬಿಕೆ ಇತ್ತು. ಕೆಲವು ತಿಂಗಳ ಪುಟ ತಿರುಗಿಸಿ ನೋಡಿ, "ಇಲ್ಲ, ಅಮಾವಾಸ್ಯೆಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಅವರೇ ಹೇಳಿದರು. ಎಂಬತ್ತರ ಹತ್ತಿರದ ಹೆಂಗಸು ತನ್ನ ಬರಹವನ್ನೇ ನಂಬಿ ಮಾತು ಬದಲಿಸಿದ್ದು ನನಗೆ ದೊಡ್ಡ ಸಂಗತಿ.

ಆ ಚೌಕಗಳಲ್ಲಿ ಬೇರೊಂದು ಕಂಡಿತು. ಮಧ್ಯಾಹ್ನ ಊಟದ ಹೊತ್ತು, ಸಂಜೆ ಪಾತ್ರೆ ತೊಳೆಯುವ ಹೊತ್ತು. ಅದನ್ನು ನೋಡಿದ ಕೂಡಲೇ ಡಾಕ್ಟರು ಶಬ್ದದ ಕಡೆ ತಿರುಗಿದರು. ವಯಸ್ಸಾದ ಕೆಲವು ಬೆಕ್ಕುಗಳಿಗೆ ಚೂಪಾದ ಶಬ್ದದಿಂದ ಫಿಟ್ಸ್ ಬರುವ ಬಗ್ಗೆ 2015ರಲ್ಲಿ ಬ್ರಿಟನ್ನಿನ ಪಶುವೈದ್ಯರು ಬರೆದಿದ್ದಾರಂತೆ. ಅಲ್ಯೂಮಿನಿಯಂ ಹಾಳೆ ಮುದುಡುವ ಶಬ್ದ, ಬಟ್ಟಲಿಗೆ ಚಮಚ ತಾಗುವ ಶಬ್ದ, ಕಂಪ್ಯೂಟರ್ ಕೀಲಿ ಒತ್ತುವ ಶಬ್ದ, ಇಂಥವು. ಶಬ್ದ ಎಷ್ಟು ಚೂಪು ಅಂತ ಕಿಲೋಹರ್ಟ್ಸಿನಲ್ಲಿ ಅಳೆದರೆ ನಮಗೆ ಕೇಳುವುದು ಹೆಚ್ಚೆಂದರೆ 20ರ ತನಕ, ಬೆಕ್ಕಿಗೆ 60 ದಾಟಿಯೂ ಕೇಳುತ್ತದೆ. ನಮ್ಮ ಮನೆಗಳಲ್ಲಿ ಇರುವುದೇ ಸ್ಟೀಲು. ಬಟ್ಟಲು ಸ್ಟೀಲು, ಲೋಟ ಸ್ಟೀಲು, ಸೌಟು ಸ್ಟೀಲು. ಅತ್ತೆ ಅಟ್ಟದಿಂದ ಗೆರಟೆಯ (ತೆಂಗಿನ ಚಿಪ್ಪಿನ) ಸೌಟು ಇಳಿಸಿದರು, ಸಿಂಕಿನ ತಳಕ್ಕೆ ಗೋಣಿ ತುಂಡು ಹಾಸಿದರು. ಪಾತ್ರೆ ತೊಳೆಯಲು ಬರುವ ಅಕ್ಕ ಮೊದಲ ದಿನ ನಕ್ಕರು. ಮರುದಿನದಿಂದ ಒಂದೊಂದೇ ಲೋಟವನ್ನು ಬಟ್ಟೆಯ ಮೇಲೆ ಇಡಲು ಶುರು ಮಾಡಿದರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಕೆಲಸ ನಿಧಾನ ಆದರೆ ಅವರಿಗೆ ಮುಂದಿನ ಮನೆಗೆ ತಡವಾಗುತ್ತದೆ, ಅಲ್ವಾ?

ಹೊರಗಿನ ಶಬ್ದಕ್ಕೆ ನಾವೇನು ಮಾಡುವುದು ಅಂತ ಸುಮ್ಮನಿದ್ದೆವು. ಆದರೆ ಎದುರು ಮನೆಯ ಹುಡುಗ, ಚೆಂಡೆ ಕಲಿಯುತ್ತಿರುವವನು, ನಾವು ಕೇಳುವ ಮೊದಲೇ ತನ್ನ ಅಭ್ಯಾಸವನ್ನು ಗೆಳೆಯನ ಮನೆಗೆ ಸಾಗಿಸಿಕೊಂಡ. ಅಷ್ಟಮಿಗೆ ಹುಲಿವೇಷದ ತಂಡ ಬಂದಾಗ ಅವನೇ ಮುಂದೆ ಹೋಗಿ ಏನೋ ಹೇಳಿದ. ಅವರ ತಾಸೆ ವಾದ್ಯ ಓಣಿಯ ತಿರುವಿನಲ್ಲೇ ನಿಂತಿತು. ಒಂದು ಪುಟ್ಟ ಹುಲಿ ಮಾತ್ರ, ಮೈಯ ಹಳದಿ ಬಣ್ಣ ಇನ್ನೂ ಹಸಿ ಹಸಿ, ನಮ್ಮ ಅಂಗಳಕ್ಕೆ ಬಂದು ತಾಳವಿಲ್ಲದೆ ನಾಲ್ಕು ಹೆಜ್ಜೆ ಕುಣಿದು, ಅತ್ತೆಯಿಂದ ದುಡ್ಡು ಇಸಕೊಂಡು, "ಪುಚ್ಚೆ ಓಲುಂಡು?" ಅಂತ ತುಳುವಿನಲ್ಲಿ ಪಿಸುಗುಟ್ಟಿ ಕೇಳಿತು, ಬೆಕ್ಕು ಎಲ್ಲಿದೆ ಅಂತ. ಕಿಟಕಿಯಲ್ಲಿ ತೋರಿಸಿದೆವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ತಂಡದ ಎಲ್ಲರಿಗೂ, ಆ ಮರಿಹುಲಿಗೂ ಥ್ಯಾಂಕ್ಸ್.

ರಿಕ್ಷಾದ ಅಣ್ಣನಿಗೆ. ಬೂದಿ ಇದ್ದಾಗ ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ. ಕಲ್ಸಂಕದ ಟ್ರಾಫಿಕ್ಕಿನಲ್ಲಿ ಹಾರ್ನ್ ಇಲ್ಲದೆ ರಿಕ್ಷಾ ಓಡಿಸಿ ನೋಡಿದವರಿಗೆ ಅದರ ಬೆಲೆ ಗೊತ್ತು. ಬುಟ್ಟಿಯ ಮೇಲೆ ಹೊದಿಸಲಿಕ್ಕೆ ತನ್ನ ಬೈರಾಸು (ಟವೆಲ್) ಕೊಟ್ಟವರು, ವಾಪಸ್ ಕೇಳಲೇ ಇಲ್ಲ.

ಮೆಡಿಕಲ್ ಅಂಗಡಿಯವರಿಗೆ. ಬೂದಿಯ ಫಿಟ್ಸಿನ ಮಾತ್ರೆ ಮನುಷ್ಯರದ್ದೇ, ಫಿನೋಬಾರ್ಬಿಟೋನ್. 30 ಮಿಲಿಗ್ರಾಮಿನ ಮಾತ್ರೆಯ ಕಾಲು ಭಾಗ, ಬೆಳಿಗ್ಗೆ ಮತ್ತು ರಾತ್ರಿ. (ಇದು ಅವಳ ತೂಕಕ್ಕೆ ಡಾಕ್ಟರು ಹೇಳಿದ್ದು, ನೋಡಿ ಯಾರೂ ಕೊಡಬೇಡಿ. ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಪರೀಕ್ಷೆಯನ್ನೂ ಮಾಡಿಸಬೇಕು.) ಚೀಟಿ ಇಲ್ಲದೆ ಸಿಗದ ಮಾತ್ರೆ, ಎಲ್ಲ ಅಂಗಡಿಯಲ್ಲಿ ಇರುವುದೂ ಇಲ್ಲ. ಒಮ್ಮೆಲೇ ನಿಲ್ಲಿಸಿದರೆ ಜೋರು ಫಿಟ್ಸ್ ಬರುವ ಅಪಾಯ ಇದೆ. ಅದು ಗೊತ್ತಿದ್ದೇ ಅವರು ಮುಗಿಯುವ ಮೊದಲು ತಾವೇ ಫೋನ್ ಮಾಡಿ, ಮಂಗಳೂರಿನಿಂದ ತರಿಸಿ ಇಡುತ್ತಾರೆ. ಬಿಲ್ಲಿನಲ್ಲಿ "ಬೂದಿ, ಬೆಕ್ಕು" ಅಂತ ಬರೆಯುತ್ತಾರೆ, ಒಂದು ದಿನವೂ ನಗಲಿಲ್ಲ.

ಮಾತ್ರೆ ಕಹಿ. ನಾಲಿಗೆಗೆ ತಾಗಿದರೆ ಬೂದಿ ಬಾಯಿ ತುಂಬಾ ನೊರೆ ಮಾಡುತ್ತಾಳೆ. ಬೇಯಿಸಿದ ಬಂಗುಡೆಯ ತುಣುಕಿನೊಳಗೆ ಹುಗಿಸಿ ಕೊಟ್ಟರೆ ಮಾತ್ರ ನುಂಗುತ್ತಾಳೆ, ಉಪ್ಪು ಹುಳಿ ಏನೂ ಇಲ್ಲದ್ದು. ಜೂನ್ ಮತ್ತು ಜುಲೈನಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನಿನ ರೇಟು ಕೇಳುವ ಹಾಗಿಲ್ಲ. ಆ ದಿನಗಳಲ್ಲೂ ಮೀನಿನ ಅಕ್ಕ ನಾಡದೋಣಿಯ ಮೀನಿನಲ್ಲಿ ಒಂದೆರಡು ತೆಗೆದಿಟ್ಟು ತಂದರು. ದುಡ್ಡು ಕೊಡಲಿಕ್ಕೆ ಹೋದರೆ ನಮಗೇ ಬೈದರು.

ಅತ್ತೆ ಪಂಜುರ್ಲಿ ದೈವಕ್ಕೆ ಹರಕೆ ಹೇಳಿಕೊಂಡಿದ್ದರು. ಅದನ್ನೂ ತೀರಿಸಿದ್ದೇವೆ. ಮಾತ್ರೆ ಶುರುವಾದದ್ದು, ಗೆರಟೆಯ ಸೌಟು ಇಳಿದದ್ದು, ಹರಕೆ ಹೇಳಿದ್ದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಯಾವುದರಿಂದ ಕಡಿಮೆಯಾಯಿತು ಅಂತ ಡಾಕ್ಟರನ್ನು ಕೇಳಿದೆ. "ನನಗೆ ಗೊತ್ತಿಲ್ಲ, ಮಾತ್ರೆ ಮತ್ತು ಸೌಟು ನಿಲ್ಲಿಸಬೇಡಿ, ಹರಕೆಯ ವಿಷಯ ಅಜ್ಜಿಯನ್ನೇ ಕೇಳಿ" ಅಂದರು. ನಾಳೆ ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ. ಬರಲಿ, ಆಗ ಏನು ಮಾಡಬೇಕು ಅಂತ ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ಲೈಟ್ ಆರಿಸುವುದು, ದಾರಿಯ ಕುರ್ಚಿ ಸರಿಸುವುದು, ಮುಟ್ಟದೆ ಕೂರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ರಿಕ್ಷಾದ ಅಣ್ಣನಿಗೆ ಫೋನ್.

ನಿಮ್ಮ ಮನೆಯ ಬೆಕ್ಕಿಗೂ ಹೀಗೇ ಆಗುತ್ತಿದ್ದರೆ ಬನ್ನಿ. ಅತ್ತೆಯ ಕ್ಯಾಲೆಂಡರ್ ತೋರಿಸುತ್ತೇವೆ, ಹೇಗೆ ಬರೆಯುವುದು ಅಂತ ಅವರೇ ಹೇಳಿಕೊಡುತ್ತಾರೆ. ಬೆಕ್ಕನ್ನು ಒಯ್ಯುವ ಬುಟ್ಟಿ ಒಂದು ಹೆಚ್ಚಿಗೆ ಇದೆ, ಅದನ್ನೂ ತಗೊಂಡು ಹೋಗಬಹುದು, ತೊಳೆದು ವಾಪಸ್ ಕೊಟ್ಟರೆ ಆಯಿತು. ಸಂಜೆ ಆರರ ಮೇಲೆ ನಾವು ಮನೆಯಲ್ಲೇ ಇರುತ್ತೇವೆ. ಗೇಟಿನ ಚಿಲಕ ಮಾತ್ರ ಬಡಿಯಬೇಡಿ, ಹೊರಗೆ ನಿಂತು ಕರೆದರೆ ಸಾಕು.