46ಕ್ಕೆ ಎಂಬಿಎ ಮುಗಿಸಿದೆ, ಇಷ್ಟು ಜನರ ಋಣದಲ್ಲಿ

ಹೋದ ವಾರ ಎಂಬಿಎ ಫಲಿತಾಂಶ ಬಂತು. ಪಾಸಾಗಿದ್ದೇನೆ. ಮಗಳು ಅಂಕಪಟ್ಟಿ ನೋಡಿ, "ಅಮ್ಮಾ, ಫೈನಾನ್ಸ್‌ನ್ಯಾಗ ಇಷ್ಟ ಏನು?" ಅಂದಳು. ಹೌದು, ಇಷ್ಟೇ. ಆದರೆ ಆ ಇಷ್ಟಕ್ಕೂ ಎಷ್ಟು ಜನ ದುಡಿದಿದ್ದಾರೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಕೊಪ್ಪಳದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ನಮಗೆ ಬರುತ್ತಿದ್ದ ದುಡ್ಡಲ್ಲಿ ಹೆಚ್ಚಿನದು ವಿದೇಶಿ ದೇಣಿಗೆ, ಅದೂ ದೊಡ್ಡ ಸಂಸ್ಥೆಯೊಂದರ ಮೂಲಕ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿಗೆ ತಿದ್ದುಪಡಿ ಬಂತು. ಅಂಥ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವ ಹಾಗಿಲ್ಲ ಎಂದಾಯಿತು. ಮೇಲೆ ಕೊರೊನಾ ಬೇರೆ. ಇನ್ನು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವೇ ದಿಕ್ಕು ಅಂತ ಬೆಂಗಳೂರಿಗೆ ಹೋದೆ. "ಅನುದಾನ ನಿಂತರೆ ಎಷ್ಟು ತಿಂಗಳು ನಡೆಸ್ತೀರಿ ಮೇಡಂ? ಒಬ್ಬ ಮಹಿಳೆಗೆ ತಗಲುವ ಖರ್ಚೆಷ್ಟು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೂ ಆಡಿಟರ್ ತೋರಿಸಿದ ಕಡೆ ಸಹಿ ಹಾಕಿದವಳು ನಾನು. ದೂರಶಿಕ್ಷಣದ ಅರ್ಜಿ ತುಂಬಿದ್ದು ಆ ನಾಚಿಕೆಗೆ.

ಮೊದಲ ಋಣ ನಮ್ಮ ಲೆಕ್ಕ ಬರೆಯುವ ಹುಡುಗನದು. ಭಾನುವಾರ ಬಿಟ್ಟು ಬಂದು ಪಾಠ ಹೇಳಿದ. ಸವಕಳಿ ತಲೆಗೆ ಹತ್ತದೆ ಕೂತಾಗ, "ಮೇಡಂ, ನಮ್ಮ ಹಳೇ ಸ್ಪ್ಲೆಂಡರ್ ವರ್ಷಾ ವರ್ಷಾ ಎಷ್ಟು ಬೆಲೆ ಕಳಕೊಂತೈತ್ರೀ? ಅದ ಸವಕಳಿ" ಅಂದ. ಮುಗೀತು.

ದುಡಿಯುವ ಬಂಡವಾಳದ, ಅಂದರೆ ದಿನದ ವ್ಯವಹಾರ ನಡೆಸಲು ಕೈಯಲ್ಲಿರಬೇಕಾದ ಹಣದ ಪಾಠವಂತೂ ರೊಟ್ಟಿ ಕೇಂದ್ರದ ಅಕ್ಕನ ಬಾಯಿಂದಲೇ ಬಂತು. ಪುಸ್ತಕದಲ್ಲಿ ಪುಟಗಟ್ಟಲೆ ಇದೆ. ಆಕೆ ಜೋಳ ಹಸನು ಮಾಡುತ್ತಾ ಹೇಳಿದ್ದು ಇಷ್ಟು: "ಮಾರಿದ ರೊಕ್ಕ ಬರೂದು ಹದಿನೈದು ದಿನಕ್ಕ್ರೀ. ಜ್ವಾಳ ತರಾಕ ಇವತ್ತ ರೊಕ್ಕ ಬೇಕು." ಪರೀಕ್ಷೆಯಲ್ಲಿ ಆ ರೊಟ್ಟಿಯನ್ನೇ ಉದಾಹರಣೆ ಕೊಟ್ಟೆ. ನಮ್ಮ ಪುಸ್ತಕಗಳಲ್ಲಿ ಎಲ್ಲಿ ನೋಡಿದರೂ ಸೋಪು ಮಾರುವ ಕಂಪನಿಯೇ, ಅದೊಂದು ಬೇಜಾರು.

ನಾನು ಓದುತ್ತಾ ಕೂತಾಗ ಹಳ್ಳಿ ಸುತ್ತಿದ ಸಹೋದ್ಯೋಗಿಗಳಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಒಂದು ಹೇಳುತ್ತೇನೆ. ಮೊದಲು ದಾನಿಗಳ ಮುಂದೆ ನಿಮ್ಮ ಸಂಬಳದ ಸಾಲನ್ನು ಅಂಜಿ ಅಂಜಿ ಸಣ್ಣದು ಮಾಡುತ್ತಿದ್ದೆ. ಈ ವರ್ಷ ಒಂದು ಕಂಪನಿ ಹೊಲಿಗೆ ಮೆಷಿನ್ ಕೊಡ್ತೀವಿ, ಕಲಿಸುವವರ ಸಂಬಳ ಕೊಡಲ್ಲ ಅಂತು. ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿಸಿ ನಿಜವಾದ ಖರ್ಚು ಬರೆದು ಕಳಿಸಿದೆ. ಅವರು ಒಪ್ಪಲಿಲ್ಲ. ನಾನೂ ಮೆಷಿನ್ ಬೇಡ ಅಂದೆ. ಎರಡು ವರ್ಷದ ಹಿಂದಾಗಿದ್ದರೆ ಸುಮ್ನೆ ತಂದು ಮೂಲೆಗಿಡುತ್ತಿದ್ದೆ, ಅಲ್ವಾ?

ಕೊನೆಗೆ ನಮ್ಮ ಅತ್ತೆ. ಎಂಬಿಎ ಅಂದರೆ ಏನು ಅಂತ ಅವರು ಒಂದು ದಿನವೂ ಕೇಳಲಿಲ್ಲ. ದಿನಾ ನಸುಕಿನಲ್ಲಿ, "ಏಳವಾ, ಐದಾತು" ಅಂತ ಚಹಾ ಹಿಡಿದು ನಿಲ್ಲುತ್ತಿದ್ದರು. ಫಲಿತಾಂಶ ಬಂದ ಮರುದಿನವೂ ನಿಂತಿದ್ದರು. ಅತ್ತೀ, ಪರೀಕ್ಷಿ ಮುಗದಾವ್ರೀ. ಇನ್ನರ ಆರರ ತನಕ ಮಲಗ್ರಿ.